ಕಟ್ಟಿದ ದನಿ

ಗಂಟಲಿನ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದಲ್ಲಿ ಇಬ್ಬರು ಗೆಳತಿಯರು ಕೂತಿದ್ದರು. ಒಬ್ಬಳು ರಾಕ್ ಬ್ಯಾಂಡಿನ ಹಾಡುಗಾರ್ತಿ, ಇನ್ನೊಬ್ಬಳು ಡ್ರಮ್ಮರ್ ಎಂದು ಮಾತಿನಲ್ಲೇ ತಿಳಿಯಿತು.

“ಆಪರೇಷನ್ ಆದ್ಮೇಲೆ ದನಿ ಬರ್ದೇ ಹೋದ್ರೆ?” ಹಾಡುಗಾರ್ತಿಯ ಗಂಟಲು ಪೂರ್ತಿ ಕಟ್ಟಿತ್ತು.

“ಬರುತ್ತೆ, ಸುಮ್ನಿರೇ.”

“ಬೇರೆಯವಳನ್ನ ಹುಡುಕ್ಕೊಳ್ಳಿ.”

“ಹಾಡು ಕಟ್ಟೋರು ನೀನು, ನಾನು. ಅವಳು ಬಂದು ಏನು ಮಾಡ್ತಾಳೆ?”

“ಹಾಡ್ತಾಳೆ ಕಣೇ.”

ಡ್ರಮ್ಮರ್ ತನ್ನ ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಬಡಿದಳು.

“ನಿನ್ನ ದನಿ ಬರೋತನಕ ನಾನೇ ಹಾಡ್ತೀನಿ.”

“ನೀನಾ? ಜನ ಎದ್ದು ಓಡ್ತಾರೆ!”

“ಓಡ್ಲಿ. ನಿನ್ನ ಜಾಗದಲ್ಲಿ ಇನ್ನೊಬ್ಬಳನ್ನ ನೋಡೋಕೆ ನನ್ನ ಕೈಲಾಗಲ್ಲ.”

ನರ್ಸ್ ಕರೆದಳು. ಹಾಡುಗಾರ್ತಿ ಏಳಲಿಲ್ಲ.

“ನೀನೂ ಒಳಗೆ ಬರ್ತೀಯ ತಾನೆ?”

“ಮತ್ತೆ? ಹೆದರಿಕೆ ನಂಗೂ ಇದೆ, ನಡಿ,” ಎನ್ನುತ್ತ ಡ್ರಮ್ಮರ್ ಅವಳ ಕೈ ಹಿಡಿದು ಎಬ್ಬಿಸಿದಳು.