ಕಳೆದ ಏಳು ದಿನಗಳಲ್ಲಿ

...ಟೈಲರಮ್ಮ, ನಾನು ನಿಮ್ಮ ನರ್ಸು. ಕಣ್ಣು ಮುಚ್ಚಬೇಡಿ, ಇನ್ನೊಂದೇ ಪುಟ. ಮೂರು ತಿಂಗಳಿಗೊಂದ್ಸಲ ಈ ವೃದ್ಧಾಶ್ರಮದ ಅಷ್ಟೂ ಜನರ ಫಾರಂ ತುಂಬಿ ತುಂಬಿ ಕೈ ಸೋತುಹೋಗಿದೆ. ಮೂವತ್ತೆರಡು ಜನಕ್ಕೆ ನಾವಿಬ್ಬರು. ಏನ್ ಮಾಡ್ಲಿ ಹೇಳಿ.

ಕಳೆದ ಏಳು ದಿನದಲ್ಲಿ ಯಾವ ಮಾತ್ರೆ ಎಷ್ಟು ದಿನ ಕೊಟ್ರಿ ಅಂತ ಕೇಳಿದಾರೆ. ಬೀಪಿದು ಏಳು ದಿನ. ಮಂಡಿನೋವಿಂದು ಮೂರು. ಮಂಪರಿನ ಮಾತ್ರೆ... ಸೊನ್ನೆ. ಹೋದ ಸಲದ ಫಾರಂನಲ್ಲೂ ಸೊನ್ನೆನೇ ಇತ್ತು, ನೋಡ್ಕೊಂಡು ಬರೆದೆ. ಎಲ್ಲರೂ ಹಾಗೇ ಬರೆಯೋದು. ಯಾಕೆ ನಗ್ತೀರಾ? ಓ... ನಗು ಅಲ್ವಾ ಅದು. ಇರಿ, ಜೊಲ್ಲು ಒರೆಸ್ತೀನಿ.

ನಾಳೆ ಹೊಸ ಡಾಕ್ಟ್ರು ಬರ್ತಾರೆ. ನಿಮ್ಮನ್ನ ನೋಡೋದು ಎರಡು ನಿಮಿಷ, ಈ ಫಾರಂ ನೋಡೋದು ಹತ್ತು ನಿಮಿಷ. ಮಂಪರಿನ ಮಾತ್ರೆ ಕೊಡದೇನೇ ಹೀಗಿದಾರೆ ಅಂದ್ರೆ ಮರೆವಿನ ಕಾಯಿಲೆ ಅಂತ ಬರೆದು, ಮೇಲಿನ ಮಹಡಿಯ ಬೀಗ ಹಾಕೋ ವಾರ್ಡಿಗೆ ಕಳಿಸ್ತಾರೆ. ಅಲ್ಲಿಗೆ ಹೋದವರು ಕೆಳಗೆ ಬಂದಿದ್ದು ನಾನಂತೂ ಕಂಡಿಲ್ಲ. ಅದಕ್ಕೇ ಹೇಳ್ತಿದೀನಿ, ನಾಳೆ ಸ್ವಲ್ಪ ಮಾತಾಡಿ.

ಈಗಲೇ ಶುರು ಮಾಡೋಣ. ಇವತ್ತು ಯಾವ ವಾರ?... ಹೋಗ್ಲಿ ಬಿಡಿ. ನನ್ನ ಕೋಟಿನ ಅಂಚು ನೋಡಿ, ಹೊಲಿಗೆ ಬಿಟ್ಟು ಜೋತಾಡ್ತಿದೆ. ಹೋದ ತಿಂಗಳು ಒಂದು ಗುಂಡಿ ಸಡಿಲ ಆಗಿದ್ದಕ್ಕೆ ನನ್ನ ಅಜ್ಜ ಮುತ್ತಜ್ಜನವರೆಗೂ ಜಾಲಾಡಿದ್ರಿ. ಈಗ ಬೈಯಿರಿ. ...ಏನೂ ಇಲ್ವಾ?

ಎಂಥಾ ಬಾಯಿ ನಿಮ್ದು. ಬೆಳಗಿಂದ ಸಂಜೆವರೆಗೂ ನರ್ಸಮ್ಮ, ನರ್ಸಮ್ಮ. ಇಪ್ಪತ್ತು ಸಲ ಎದ್ದು ಬಾಗಿಲಿಗೆ ಹೋಗ್ತಿದ್ರಿ. ಬಿದ್ರೆ ಯಾರು ಹೊಣೆ? ನಾನೂ ಮನುಷ್ಯಳೇ ಅಲ್ವಾ ಟೈಲರಮ್ಮ, ಸಾಕಾಗಿತ್ತು ನಂಗೆ. ಆರನೇ ಮಂಚದ ಅಜ್ಜಿ ತೀರಿಹೋದ ಮೇಲೆ ಅವರ ಮಂಪರಿನ ಮಾತ್ರೆ ಉಳಿದಿತ್ತು. ವಾಪಸ್ ಕೊಡೋಕೆ ಮರೆತೆ... ಮರೆತಿರಲಿಲ್ಲ. ನಿಮ್ಮ ಕಾಫಿ ಲೋಟಕ್ಕೆ ಒಂದು ಹಾಕಿದೆ. ಒಂದೇ ದಿನಕ್ಕೆ ಅಂತ. ಆವತ್ತು ಇಡೀ ವಾರ್ಡು ಎಷ್ಟು ತಣ್ಣಗಿತ್ತು ಗೊತ್ತಾ? ಕೂತು ಊಟ ಮಾಡಿದೆ ನಾನು. ಮಾರನೇ ದಿನಾನೂ ಹಾಕಿದೆ. ಆಮೇಲೆ ದಿನಾ. ಬಾಯಿ ಬಿಟ್ರೆ ಬಣ್ಣಗೇಡು ಅಂತ ಯಾರಿಗೂ ಹೇಳ್ಲಿಲ್ಲ.

ಈಗ ಈ ಸೊನ್ನೆ ಹೊಡೆದು ಹಾಕಿದ್ರೆ ನನ್ನ ಕೆಲಸ ಹೋಗತ್ತೆ. ಬಿಟ್ರೆ ನೀವು ಆ ಬೀಗದೊಳಗೆ. ಒಂದು ಮಾತು ಸಾಕು. ಥೂ ಅಂದ್ರೂ ಸಾಕು, ಡಾಕ್ಟ್ರ ಮುಂದೆ ಹೇಗೋ ನಿಭಾಯಿಸ್ತೀನಿ, ಸೊನ್ನೆ ಹಾಗೇ ಇರಲಿ. ಹೇಳಿ.

...

ಟೈಲರಮ್ಮ?

...

ಸರಿ. ಏಳು ಅಂತ ಬರೀತೀನಿ. ಏಳಕ್ಕೆ ಏಳೂ ದಿನ. ಕೊಟ್ಟವರು ಯಾರು ಅಂತ ಕೇಳಿದಾರೆ... ಅದನ್ನೂ ಬರೀತೀನಿ.