ಫ್ಲಾಸ್ಕಿನಲ್ಲಿದ್ದ ಸೊಪ್ಪಿನ ಕಷಾಯ

ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತವನಿಗೆ ಬೇರೆಯವರ ಮಾತು ಕೇಳಬಾರದೆಂದರೂ ಕಿವಿಗೆ ಬಾಗಿಲಿಲ್ಲ. ನನ್ನ ಪಕ್ಕದಲ್ಲಿ ಪಾದ ಊದಿಕೊಂಡ, ಗುರುತಿಲ್ಲದ ಒಬ್ಬ ಅಕ್ಕ; ಅವಳಾಚೆ, ಔಷಧಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಳ ತಮ್ಮ. ಅಕ್ಕನ ಮಡಿಲಲ್ಲೊಂದು ಫ್ಲಾಸ್ಕು.

“ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ಈ ಸೊಪ್ಪಿನ ಕಷಾಯ ಕುಡೀತಿದ್ಯಾ? ಯಾರಕ್ಕಾ ಹೇಳಿದ್ದು?”

“ನೀನೇ ಕಣೋ. ಊಟಕ್ಕೆ ಕೂತಾಗ ಕೊಚ್ಕೊಂಡೆಯಲ್ಲ, ಇದರ ರಸ ಕುಡಿದ ಇಲಿಗಳ ಕಿಡ್ನಿ ಚೆನ್ನಾಗಿದೆ ಅಂತ.”

“ಅಯ್ಯೋ, ಅವಕ್ಕೆ ಮೊದಲು ರಸ ಕುಡಿಸಿದ್ವಿ. ಕಿಡ್ನಿ ಕೆಡಿಸೋ ಇಂಜೆಕ್ಷನ್ ಕೊಟ್ಟಿದ್ದು ಆಮೇಲೆ.”

“ಕೆಡಿಸಿದ್ದೂ ನೀವೇನಾ?”

“ಹೂಂ. ಇಲ್ದಿದ್ರೆ ರಸ ತಡೀತೋ ಇಲ್ವೋ ಹೇಗೆ ಗೊತ್ತಾಗ್ಬೇಕು?”

“ಕೆಟ್ಟ ಮೇಲೆ ಕುಡಿಸಿದ್ರೆ?”

“ಅದನ್ನ ನಾವು ನೋಡೇ ಇಲ್ಲ ಅಕ್ಕಾ.”

ಅವಳು ಫ್ಲಾಸ್ಕಿನ ಮುಚ್ಚಳ ಬಿಗಿಯಾಗಿ ತಿರುಗಿಸಿದಳು.

“ಆ ಇಲಿಗಳು ಈಗ ಆರಾಮಾಗಿವೆ ತಾನೆ?”

“ಇಲ್ಲ. ಕಿಡ್ನಿ ಹೊರಗೆ ತೆಗೆದೇ ನೋಡ್ಬೇಕು.”

“ಚೆನ್ನಾಗಿದ್ದವನ್ನೂ ಕೊಂದ್ರಾ?”

“ಚೆನ್ನಾಗಿದ್ವು ಅಂತ ಗೊತ್ತಾಗಿದ್ದೇ ಕೊಯ್ದ ಮೇಲೆ.”

“ನಿಮ್ಮ ಔಷಧಿಗಿಂತ ಕಾಯಿಲೇನೇ ವಾಸಿ ಬಿಡು.”

ನರ್ಸ್ ಬಾಗಿಲು ತೆಗೆದು ಅವಳನ್ನು ಕರೆದಳು. ಅಕ್ಕ ಫ್ಲಾಸ್ಕನ್ನು ತಮ್ಮನ ಕೈಗಿಟ್ಟು, ಗೋಡೆ ಹಿಡಿದು ಎದ್ದಳು.

“ಇದನ್ನ ಚೆಲ್ಲಿ ಬರ್ಲಾ?”

ಬಾಗಿಲ ತನಕ ಹೋದವಳು ತಿರುಗಿ ನೋಡಿದಳು.

“ಬೇಡ, ನೀನು ಕುಡಿ. ಅಪ್ಪನ ಕಿಡ್ನಿ ಹೋಯ್ತು, ನಂದೂ ಹೋಯ್ತು. ನಿಂದು ಇನ್ನೂ ಕೆಟ್ಟಿಲ್ವಲ್ಲ.”