ಶಿವಕ್ಕನ ಪ್ಲೆನಿಪೊಟೆನ್ಷಿಯರಿ

...ನಗು, ನಗು. ನೀ ನಗ್ತಿ ಅಂತ ನನಗ ಗೊತ್ತಿತ್ತು, ಅನ್ನಪೂರ್ಣಾ. ಅಷ್ಟು ಹೆಣ್ಮಕ್ಕಳ ಮುಂದ, ತೊಟ್ಟಿಲದ ಹಂತ್ಯಾಕ ನಿಂತು, "ನಾ ಶಿವಕ್ಕನ ಪ್ಲೆನಿಪೊಟೆನ್ಷಿಯರಿ" ಅಂದ್ನಲ್ಲಾ, ಆವಾಗ ನಿನ್ನ ಮಾರಿ ನೋಡಿದೆ ನಾ. ತುಟಿ ಕಚ್ಚಿ ತಡಕೊಂಡಿದ್ದಿ. ಈಗ ಕಾರಿನಾಗ ನಾವಿಬ್ರೇ ಅದೀವಿ, ನಕ್ಕಬಿಡು. ವೆಸ್ಟ್ ಕೊವಿನಾ ಮುಟ್ಟಾಕ ಇನ್ನೂ ಎರಡು ತಾಸು ಐತಿ.

ಎಲ್ಲಿ ಕಲ್ತಿ ಅಂತೀಯೇನು? ನಿನ್ನ ಸಲುವಾಗೇ ಕಲ್ತೆ! ಯುಗಾದಿ ಊಟಕ್ಕ ಆ ಚರ್ಚಿನ ಹಾಲ್ ಕೊಡಾಕ ಅವರು ಒಲ್ಲೆ ಅಂದ್ರಲ್ಲಾ, ಎಣ್ಣಿ ಇಟ್ಟು ಕರೀತೀರಿ, ಗ್ವಾಡಿ ಹೊಲಸಾಗ್ತಾವ ಅಂತ. ಆಗ ನಮ್ಮ ಮಂದಿ ಎಲ್ಲಾ ಕೂಡಿ ನಿನ್ನನ್ನ ಕಳಿಸಿದ್ರು. ನೀ ಏನು ಒಪ್ಪಿ ಬರ್ತಿ ಅದಕ್ಕ ನಾವೂ ಒಪ್ಪಿದ್ವಿ ಅಂದ್ರು. ರೆಡೊಂಡೊ ಬೀಚಿನ ವರದರಾಜ ಡಾಕ್ಟರು ಎದ್ದು ನಿಂತು "ಇವರೇ ನಮ್ಮ ಪ್ಲೆನಿಪೊಟೆನ್ಷಿಯರಿ" ಅಂದಾಗ ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನೂ ಹೊಡದೆ. ಅರ್ಥ ಮಾತ್ರ ಗೊತ್ತಿದ್ದಿಲ್ಲ.

ಮನಿಗೆ ಬಂದು ನಮ್ಮನಿಯವರ ದೊಡ್ಡ ಡಿಕ್ಷನರಿ ತಗದೆ. ಪೂರ್ತಿ ಅಧಿಕಾರ ಕೊಟ್ಟು ಕಳಿಸಿದ ಒಬ್ಬ ಮನುಷ್ಯಾ. ಹೋದಾಂವ ತಿರುಗಿ ಬಂದು ಹೀಂಗ ಮಾಡಲ್ಯಾ, ಹಾಂಗ ಮಾಡಲ್ಯಾ ಅಂತ ಕೇಳೂದಿಲ್ಲ. ಅಂವ ಅಂದದ್ದು, ಕಳಿಸಿದವರು ಅಂದಂಗ. ಒಂದು ವಾರ ಪೂರಾ ರೊಟ್ಟಿ ಬಡಿಯೂ ಮುಂದ ಅದನ್ನೇ ಬಾಯಿಪಾಠ ಮಾಡಿದೆ. ಪ್ಲೆನಿ... ಪೊಟೆನ್... ಷಿಯರಿ... ನಮ್ಮನಿಯವರು ಒಳಗ ಬಂದು, ಯಾರಿಗೆ ಬೈಯಾಕತ್ತಿ ಅಂತ ಕೇಳಿದ್ರು.

ಹೊಟ್ಟಿಕಿಚ್ಚೇ? ಹೌದು, ಹೊಟ್ಟಿಕಿಚ್ಚು. ನಿನ್ನ ಮುಂದ ಮುಚ್ಚಿಡೂದೇನೈತಿ? ಧಾರವಾಡದ ಹಾಸ್ಟೆಲಿನ್ಯಾಗೂ ಇದೇ ಹಾಡು. ಮೆಸ್ಸಿಗೆ ಸೆಕ್ರೆಟರಿ ಯಾರು, ಅನ್ನಪೂರ್ಣಾ. ವಾರ್ಡನ್ ಕಡೆ ಹೋಗಿ ಮಾತಾಡೂದು ಯಾರು, ಅನ್ನಪೂರ್ಣಾ. ಆತು, ಇರಲಿ. ಆದರ ಶಿವಕ್ಕ ನನ್ನಾಕಿ ಇದ್ದಳು. ನನಗೂ ಆಕೀಗೂ ಒಂದೇ ಟ್ರಂಕು, ಒಂದೇ ಎಣ್ಣಿ ಬಾಟಲಿ. ಆಕೀಗೆ ಟೈಫಾಯಿಡ್ ಬಂದಾಗ ಹದಿನೆಂಟು ದಿನಾ ಗಂಜಿ ಕಾಸಿ ಕುಡಿಸಿದಾಕಿ ನಾನು. ನೀ ಆಚಿ ಗ್ವಾಡಿ ಕಡೆ ಕೂತು ಪರೀಕ್ಷಾಕ್ಕ ಓದಾಕತ್ತಿದ್ದಿ. ಬ್ಯಾಸರಾ ಮಾಡ್ಕೋಬ್ಯಾಡ, ಇದ್ದದ್ದು ಅಂದೆ.

ಅದಕ್ಕೇ... ಅದಕ್ಕೇ ಈ ಕೂಸಿಗೆ ಹೆಸರಿಡೂದು ನನಗ ಬರಬೇಕಾಗಿತ್ತು. ಶಿವಕ್ಕ ಸೋದರತ್ತಿ, ಹೆಸರು ಕೂಗೂ ಹಕ್ಕು ಆಕೀದು. ಆಕಿ ಬೈಲಹೊಂಗಲ ಬಿಟ್ಟು ಸ್ಯಾನ್ ಡಿಯೇಗೋಕ್ಕ ಹ್ಯಾಂಗ ಬರ್ತಾಳ? ಕೂಸಿನ ಅಪ್ಪ, ಆಕಿ ತಮ್ಮ ನೀಲಕಂಠಪ್ಪನೂ ಎಂಥಾ ಆಸಾಮಿ ನೋಡು. ದವಾಖಾನ್ಯಾಗ ಕೂಸಿನ ಹೆಸರು ಕೇಳಿದ್ರ, ನಮ್ಮಕ್ಕ ಇನ್ನೂ ಹೆಸರು ಬರದು ಕಳಿಸಿಲ್ಲ ಅಂದ್ನಂತ! ಆರು ವಾರದಿಂದ ಆ ಹುಡುಗಿ ಕಾಗದದಾಗ ಬರೇ "ಬೇಬಿ ಗರ್ಲ್." ನರ್ಸು ಇವನಿಗೆ ಬುದ್ಧಿ ಸರಿ ಐತೋ ಇಲ್ಲೋ ಅಂತ ಹೆಂಡ್ತಿ ಪ್ರೇಮವ್ವನ ಮಾರಿ ನೋಡಿದಳಂತ.

ನೀ ಹೂಸ್ಟನ್ನಿಗೆ ನಿನ್ನ ತಮ್ಮನ ಮನಿಗೆ ಹೋದಾಗ ನೀಲಕಂಠಪ್ಪ ಫೋನ್ ಮಾಡಿದ. "ಸಾವಿತ್ರಕ್ಕಾ, ಹೆಸರು ಬರದು, ತೊಟ್ಟಿಲದ ಕೆಲಸ ಒಬ್ಬರಿಗೆ ಒಪ್ಪಸ್ತೀನಿ ಅಂದಿದ್ದಳು ಅಕ್ಕ. ಪತ್ರ ನಿಮಗ ಬಂತೋ, ಅನ್ನಪೂರ್ಣಕ್ಕಗ ಬಂತೋ?" ಅಂದ. ನನಗ ಬಂತು ಅಂದೆ. ಹೆಸರು ಆರಿಸೂದೂ ನನಗೇ ಬಿಟ್ಟಾಳ ಅಂದೆ. ಮುಗೀತು. ಲೀಲಾ ಅಂತ ಇಟ್ಟೆ. ಇಲ್ಲಿ ಮಂದಿ ಬಾಯಿಗೂ ಹೊಂದ್ತೈತಿ, ಸಣ್ಣದೂ ಐತಿ.

ಪತ್ರ ಮನ್ಯಾಗ ಐತಿ. ಈಗ ಎಲ್ಲಿಂದ ತೋರಸಲಿ? ಯಾಕ ಕೇಳ್ತಿ? ಕುಂಬಳಕಾಯಿ ಕಳ್ಳ ಅಂದ್ರ ನಾ ಯಾಕ ಹೆಗಲ ಮುಟ್ಟಿ ನೋಡ್ಕೊಳ್ಳಲಿ? ನೀ ಊರಾಗ ಇಲ್ಲದಾಗ ನಿನ್ನ ಗಿಡಕ್ಕ ನೀರ ಹಾಕಿ, ನಿನ್ನ ಟಪಾಲು ದಿನಾ ತಗದಿಟ್ಟು, ಚೀಲಾ ತುಂಬ ಕೊಟ್ಟೀನಿ. ಒಂದು ಕಾಗದ ಹೆಚ್ಚು ಕಡಿಮಿ ಆಗಿಲ್ಲ.

ಕಿವ್ಯಾಗ ಹೆಸರು ಹೇಳಿ ಕುರ್ರ್ ಅಂದಾಗ, ಪದ್ಧತಿ ಅಂತ ಎಲ್ಲಾರೂ ಬೆನ್ನಿಗೆ ಎಷ್ಟು ಗುದ್ದಿದ್ರು ನೋಡಿದ್ಯಾ? ಬೆನ್ನು ಇನ್ನೂ ಉರೀತೈತಿ. ನೀ ಒಬ್ಬಾಕಿನೇ ಗುದ್ದಲಿಲ್ಲ. ಸುಮ್ಮ ಕೈ ಇಟ್ಟಿ. ಯಾಕ?

ಏನ ಹುಡಕ್ತಿ? ಟಿಶ್ಯೂ? ಹಿಂದಿನ ಸೀಟಿನ್ಯಾಗ ಐತಿ ನೋಡು. ಏ, ಆ ಗ್ಲೋವ್ ಬಾಕ್ಸ್ ತಗೀಬ್ಯಾಡ. ಅದರ ಮುಚ್ಚಳ ಸಡ್ಲ ಆಗೇತಿ, ಬೀಳ್ತೈತಿ... ಅನ್ನಪೂರ್ಣಾ... ತಗೀಬ್ಯಾಡ ಅಂದೆ...

ಎಸ್ಕೊಂಡಿಡೊ ದಾಟೇವಿ. ಇವತ್ತ ಕಾರಿಗೆ ಗ್ಯಾಸ್ ಹಾಕಿಸಿದ್ದು ಚಲೋ ಆತು ನೋಡು, ಈಗ ದಿನಾ ಬಿಟ್ಟು ದಿನಾ ಕೊಡ್ತಾರ, ನಾಳೆ ನಮ್ಮ ಗಾಡಿ ನಂಬರಿಗೆ ಕೊಡೂದಿಲ್ಲ. ಮುಂಜಾನೆ ಪಾಳಿ ಎಷ್ಟುದ್ದ ಇತ್ತು ಅಂದ್ರ... ಕೇಳಾಕತ್ತೀಯೇನು?

ಅದು ಹಳೇ ಬಿಲ್ಲು. ಒಳಗಿಡು.

ಅಲ್ಲಾ, ಹರದ ಓದಾಕತ್ತಿಯೇನು? ನಾ ರಸ್ತಾ ನೋಡಬೇಕು, ನಿನ್ನ ಕಡೆ ನೋಡಾಕ ಬರೂದಿಲ್ಲ. ಏನರೆ ಅನ್ನು. ಬೈಯೂದಾದ್ರ ಬೈ.

...ಹೌದು. ನಿಂದೇ ಪತ್ರ. ನಿನ್ನ ಟಪಾಲು ಡಬ್ಬ್ಯಾಗಿಂದ ನಾನೇ ತಗೊಂಡೆ. ಶಿವಕ್ಕನ ಅಕ್ಷರಾ ನೋಡಿದ ಕೂಡ್ಲೇ ಸೆರಗಿನಾಗ ಮುಚ್ಚಿಟ್ಕೊಂಡೆ. ನನ್ನ ಡಬ್ಬಿ ಹದಿನೈದು ದಿನಾ ನೋಡಿದ್ದೆ, ಏನೂ ಬಂದಿದ್ದಿಲ್ಲ. ಆಕೀನೂ ನಿನ್ನನ್ನೇ ಆರಿಸಿದಳು. ಆಕೀನೂ! ಇಪ್ಪತ್ತೈದು ವರ್ಷದ ಗೆಳೆತನಾ... ಒಡದು ಓದಿಲ್ಲ, ಶಿವನಾಣಿ. ಅಂಟು ಹಾಂಗೇ ಇತ್ತಲ್ಲ, ನೀನೇ ಬಿಡಿಸಿದಿ. ಓದಾಕ ಧೈರ್ಯ ಆಗಲಿಲ್ಲ. ಒಗಿಯಾಕೂ ಆಗಲಿಲ್ಲ.

ಯಾಕ ನನ್ನ ಕೈಯಾಗ ಕೊಡ್ತಿ? ನಾ ಓದಲೇನು? ಬ್ಯಾಡ... ಏ, ಸ್ಟೀರಿಂಗ್ ಮ್ಯಾಲ ಇಡಬ್ಯಾಡ. ತಡಿ, ಸೈಡಿಗೆ ಹಾಕ್ತೀನಿ.

"ಅನ್ನಪೂರ್ಣಾ, ತೊಟ್ಟಿಲದ ಕೆಲಸ ನೀ ಮಾಡಬೇಕು. ಖರೇ ಅಂದ್ರ ಇದನ್ನ ಸಾವಿತ್ರಿಗೆ ಹೇಳಬೇಕಾಗಿತ್ತು. ನನಗ ಆಕಿಗಿಂತ ಹತ್ತಿರದಾಕಿ ಯಾರೂ ಇಲ್ಲ. ಆದರ ಕೂಸಿಗೆ ಆಕಿ ಹೆಸರೇ ಇಡೂದೈತಿ. ತನ್ನ ಹೆಸರ ತಾನೇ ಕೂಗಂದ್ರ ಆಕಿ ನಾಚಿ ಒಲ್ಲೆ ಅಂತಾಳ. ಮೊದಲ ಆಕೀಗೆ ಹೇಳಬ್ಯಾಡ. ನೀ ಕೂಗಿದಾಗ ಆಕಿ ಕೇಳಲಿ..."

...

ನೀ ಯಾಕ ಅಳ್ತಿ? ಅಳಬೇಕಾದಾಕಿ ನಾನು.

ಲೀಲಾ ಅಂತ ಇಟ್ಟು ಬಂದ್ನಲ್ಲ ಅನ್ನಪೂರ್ಣಾ. ಏನೂ ವಿಚಾರ ಮಾಡದ, ಬಾಯಿಗೆ ಬಂದದ್ದು. ನೀಲಕಂಠಪ್ಪ ಅಲ್ಲೇ ಹೆಸರಿನ ಫಾರ್ಮ್ ತುಂಬಿ ಸಹಿ ಮಾಡಿದ. ಸೋಮವಾರ ಆಫೀಸಿಗೆ ಕೊಡ್ತಾನಂತ. ಇವತ್ತ ಶನಿವಾರ. ಇನ್ನೂ ಕೊಟ್ಟಿಲ್ಲ.

ಕಾರು ತಿರುಗಸ್ತೀನಿ. ಆದರ ಹೋಗಿ ನಾ ಏನನ್ನಲಿ? ಇಟ್ಟ ಹೆಸರು ತಗೀರಿ, ನನ್ನ ಹೆಸರು ಇಡ್ರಿ ಅಂತ ನನ್ನ ಬಾಯಿಲೆ ಹೇಳಲೇನು? ಪತ್ರ ತೋರಿಸಿದ್ರ, ಇಷ್ಟು ದಿನಾ ಎಲ್ಲಿತ್ತು ಅಂತಾರ. ಪ್ರೇಮವ್ವ ನನ್ನ ಮಾರಿ ನೋಡ್ತಾಳ. ಶಿವಕ್ಕಗ ಗೊತ್ತಾಗ್ತೈತಿ.

ನೀ ಹೇಳು. ನಾ ಕಾರಿನ್ಯಾಗೇ ಕೂತಿರ್ತೀನಿ, ನೀ ಒಳಗ ಹೋಗಿ ಹೇಳು. ಕದ್ದದ್ದು ಹೇಳಬೇಕನಸಿದ್ರ ಹೇಳು. ಬ್ಯಾಡನಸಿದ್ರ ಬಿಡು. ಏನ ಹೇಳಿದಿ, ಹ್ಯಾಂಗ ಹೇಳಿದಿ ಅಂತ ಹೊರಗ ಬಂದ ಮ್ಯಾಲ ನಿನ್ನ ಕೇಳೂದಿಲ್ಲ. ಶಿವಕ್ಕಗೂ ನೀನೇ ಬರಿ.

ಹೂಂ ಅನ್ನು. ಇಲ್ಲಾ, ಕುತ್ತಿಗಿ ಅಲ್ಲಾಡಸು ಸಾಕು... ಅನ್ನಪೂರ್ಣಾ, ನನ್ನ ಪರವಾಗಿ ಮಾತಾಡಾಕ ನಿನ್ನ ಬಿಟ್ರ ನನಗ ಯಾರೂ ಇಲ್ಲವಾ.